ಮನೆ ವಿಡಿಯೊ: ಫಾರ್ಮ್ಯಾಟ್ ಬದಲಿಸುವ ಮುನ್ನ

ಹಳೆಯ ಮದುವೆ ಸೀಡಿ, ಕ್ಯಾಮ್‌ಕಾರ್ಡರ್ ಕ್ಲಿಪ್, ಮೊಬೈಲ್ ವಿಡಿಯೊಗಳ ಬಗ್ಗೆ ಬಂದ ಪತ್ರಗಳಲ್ಲಿ ಆಯ್ದ ಕೆಲವಕ್ಕೆ ಇಲ್ಲಿ ಉತ್ತರವಿದೆ. ಒಂದೇ ವಿಷಯ ಕೇಳಿದವರ ಪತ್ರಗಳನ್ನು ಒಟ್ಟುಗೂಡಿಸಿದ್ದೇವೆ.

ಪ್ರಶ್ನೆ: ಮಗಳ ಮದುವೆ ಆಗಿದ್ದು 2004ರಲ್ಲಿ. ಆಗ ವಿಡಿಯೊದವರು ಮೂರು ಸೀಡಿ ಕೊಟ್ಟಿದ್ದರು. ಈಗ ಮನೆಯಲ್ಲಿ ಸೀಡಿ ಪ್ಲೇಯರ್ ಇಲ್ಲ. ಲ್ಯಾಪ್‌ಟಾಪಿಗೆ ಹೊರಗಿನ ಡ್ರೈವ್ ಜೋಡಿಸಿ ನೋಡಿದರೆ ವಿಡಿಯೊ ಅನ್ನುವಂಥದ್ದೇ ಕಾಣುವುದಿಲ್ಲ, ಡಿಎಟಿ ಅಂತ ಏನೋ ಇದೆ. ಪೇಟೆಯ ಸ್ಟುಡಿಯೊ ಒಂದರಲ್ಲಿ ವಿಚಾರಿಸಿದೆ. ‘ಎಲ್ಲಾ 4ಕೆ ಮಾಡಿಕೊಡ್ತೀವಿ ಮೇಡಂ, ಹೊಸ ಸಿನಿಮಾ ಥರ ಕಾಣುತ್ತೆ’ ಅಂದರು. ಮಾಡಿಸಬಹುದೇ?
– ನಿವೃತ್ತ ಶಿಕ್ಷಕಿ, ತೀರ್ಥಹಳ್ಳಿ

ಉತ್ತರ: ಅಡ್ವಾನ್ಸ್ ಕೊಟ್ಟಿಲ್ಲ ತಾನೇ? ಹಾಗಿದ್ದರೆ ಸ್ವಲ್ಪ ತಡೆಯಿರಿ.

ನಿಮ್ಮ ಕೈಯಲ್ಲಿರುವುದು ವಿಸಿಡಿ. ಆ ಕಾಲದ ಮದುವೆ, ಗೃಹಪ್ರವೇಶ, ನಾಮಕರಣಗಳೆಲ್ಲ ಇದರಲ್ಲೇ ಇವೆ. ಸೀಡಿಯೊಳಗೆ ಎಂಪೆಗ್‌ಎವಿ ಎಂಬ ಫೋಲ್ಡರ್ ಇರುತ್ತದೆ. ಅದರೊಳಗಿನ ಆ ಡಿಎಟಿ ಫೈಲೇ ನಿಮ್ಮ ಮಗಳ ಮದುವೆ. ಹೆಸರು ಹಾಗಿರುವುದರಿಂದ ಕಂಪ್ಯೂಟರಿಗೆ ಅದು ವಿಡಿಯೊ ಎಂದು ಹೊಳೆಯುವುದಿಲ್ಲ, ಅಷ್ಟೇ. ವಿಎಲ್‌ಸಿ ಎಂಬ ಉಚಿತ ಪ್ಲೇಯರ್ ಹಾಕಿಕೊಂಡು ಫೈಲನ್ನು ಅದರ ಮೇಲೆ ಎಳೆದು ಬಿಡಿ, ಓಡುತ್ತದೆ.

ಪರಿವರ್ತನೆಯ ಮಾತು ಆಮೇಲೆ, ಮೊದಲು ಮೂರೂ ಸೀಡಿಗಳ ಫೈಲುಗಳನ್ನು ಹಾರ್ಡ್‌ಡಿಸ್ಕಿಗೆ ನಕಲು ಮಾಡಿ. ನಡುವೆ ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಸೀಡಿಯನ್ನು ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ. ಸುತ್ತಿಸಿ ಒರೆಸಬೇಡಿ, ಸುರುಳಿಯ ದಾರಿಯಲ್ಲೇ ಬೀಳುವ ಗೀರನ್ನು ಓದುವುದು ಡ್ರೈವಿಗೆ ಹೆಚ್ಚು ಕಷ್ಟ. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದುಂಟು. ಯಾರದಾದರೂ ಹಳೆಯ ಡೆಸ್ಕ್‌ಟಾಪ್ ಮೂಲೆಯಲ್ಲಿ ಬಿದ್ದಿದ್ದರೆ ಅದರಲ್ಲೂ ಒಮ್ಮೆ ನೋಡಿ.

ಇನ್ನು 4ಕೆ ವಿಚಾರ. ವಿಸಿಡಿಯ ಚಿತ್ರ ನಮ್ಮ ದೇಶದ ಪದ್ಧತಿಯಲ್ಲಿ 352 ಚುಕ್ಕೆ ಅಗಲ, 288 ಚುಕ್ಕೆ ಎತ್ತರ. ಒಟ್ಟು ಸುಮಾರು 1 ಲಕ್ಷ ಚುಕ್ಕೆ. 4ಕೆ ಚಿತ್ರದಲ್ಲಿ 3840ಕ್ಕೆ 2160, ಅಂದರೆ ಸುಮಾರು 83 ಲಕ್ಷ. ನಿಮ್ಮ ಒಂದೊಂದು ಚುಕ್ಕೆಯ ಜೊತೆಗೆ 81 ಹೊಸ ಚುಕ್ಕೆ ಬೇಕು. ಅವು ಎಲ್ಲಿಂದ ಬರಬೇಕು? ಸಾಮಾನ್ಯ ಸಾಫ್ಟ್‌ವೇರ್ ಅಕ್ಕಪಕ್ಕದ ಬಣ್ಣವನ್ನೇ ಹಿಗ್ಗಿಸಿ ತುಂಬುತ್ತದೆ. ಅದನ್ನು ನಿಮ್ಮ ಟಿವಿ ತಾನಾಗಿಯೇ, ಬಿಟ್ಟಿಯಾಗಿ ಮಾಡುತ್ತದೆ. ಎಐ ಸಾಫ್ಟ್‌ವೇರ್ ಇನ್ನೂ ಮುಂದೆ ಹೋಗಿ ಇಲ್ಲದ್ದನ್ನು ಊಹಿಸುತ್ತದೆ. ಧಾರೆಯ ಹೊತ್ತಿಗೆ ಮಂಟಪದ ಹಿಂದೆ ನಿಂತ ಸೋದರತ್ತೆಯ ಮುಖ ಆ ಚಿತ್ರದಲ್ಲಿ ಹತ್ತು ಹನ್ನೆರಡು ಚುಕ್ಕೆ ಅಗಲ ಇದ್ದರೆ ಹೆಚ್ಚು. ಕಣ್ಣಿಗೆ ಎರಡು ಚುಕ್ಕೆ, ಮೂಗುಬೊಟ್ಟಿಗೆ ಅರ್ಧವೂ ಇಲ್ಲ. ಆ ಸಾಫ್ಟ್‌ವೇರ್ ಅಲ್ಲಿಗೆ ರೆಪ್ಪೆ, ಹುಬ್ಬು, ಹಲ್ಲಿನ ಸಾಲು ಎಲ್ಲ ಬರೆಯುತ್ತದೆ. ಮುಖವೇನೋ ಚೂಪಾಗುತ್ತದೆ, ಆದರೆ ಅದು ಸೋದರತ್ತೆಯ ಮುಖವಾಗಿರುವುದಿಲ್ಲ.

ಆ ಹಣ ಉಳಿಸಿ, ಎರಡು ಕಡೆ ವಿಚಾರಿಸಿ. ಮದುವೆ ಚಿತ್ರೀಕರಿಸಿದವರು ಇನ್ನೂ ವೃತ್ತಿಯಲ್ಲಿದ್ದರೆ ಮೂಲ ಟೇಪ್ ಇದೆಯೇ ಎಂದು ಕೇಳಿ. ಆಗ ಚಿತ್ರೀಕರಣ ನಡೆಯುತ್ತಿದ್ದುದು ಟೇಪಿನ ಮೇಲೆ, ಸೀಡಿ ಅದರ ನಕಲು. ಮಿನಿಡಿವಿ ಟೇಪೇನಾದರೂ ಸಿಕ್ಕಿದರೆ ಅದು 720ಕ್ಕೆ 576ರ ಚಿತ್ರ, ವಿಸಿಡಿಯ ನಾಲ್ಕು ಪಟ್ಟು ನಿಜವಾದ ಚುಕ್ಕೆಗಳು. ಇನ್ನೊಂದು, ಬೀಗರ ಮನೆ. ಗಂಡಿನ ಕಡೆಯವರು ಬೇರೆ ವಿಡಿಯೊದವರನ್ನು ಕರೆಸಿದ್ದರೆ, ಅಥವಾ ಡಿವಿಡಿ ಮಾಡಿಸಿಕೊಂಡಿದ್ದರೆ, ಅದು ನಿಮ್ಮದಕ್ಕಿಂತ ಸ್ಪಷ್ಟವಾಗಿರಬಹುದು.

ಯಾವುದೂ ಸಿಗದಿದ್ದರೆ ಹ್ಯಾಂಡ್‌ಬ್ರೇಕ್ ಎಂಬ ಉಚಿತ ತಂತ್ರಾಂಶದಲ್ಲಿ ಡಿಎಟಿಯನ್ನು ಎಂಪಿ4 ಮಾಡಿ. ಕೋಡೆಕ್ ಎಚ್.264 ಇರಲಿ. ಅಳತೆ ಇದ್ದಷ್ಟೇ ಇರಲಿ, ದೊಡ್ಡದು ಮಾಡಬೇಡಿ. ಗುಣಮಟ್ಟದ ಗುಂಡಿಯನ್ನು ಆರ್‌ಎಫ್ 18ರ ಹತ್ತಿರ ಇಡಿ (ಈ ಸಂಖ್ಯೆ ಕಡಿಮೆಯಾದಷ್ಟೂ ಗುಣಮಟ್ಟ ಹೆಚ್ಚು, ತಿರುಗಾಮುರುಗಾ ಅನ್ನಿಸುತ್ತದೆ). ಎಂಪಿ4 ಬಂತೆಂದು ಡಿಎಟಿಯನ್ನು ಅಳಿಸಬೇಡಿ. ಮುಂದೆ ಇನ್ನೂ ಒಳ್ಳೆಯ ದಾರಿ ಬಂದರೆ ಆಗ ಬೇಕಾಗುವುದು ಅದೇ.

ಪ್ರಶ್ನೆ: ಹವ್ಯಾಸಕ್ಕೆಂದು 2011ರಿಂದ ಬಯಲಾಟಗಳನ್ನು ಕ್ಯಾಮ್‌ಕಾರ್ಡರಿನಲ್ಲಿ ಹಿಡಿದಿಟ್ಟಿದ್ದೇನೆ. ಎಲ್ಲ ಎಂಟಿಎಸ್ ಫೈಲುಗಳು. ಒಂದು ಪ್ರಸಂಗಕ್ಕೆ ಏಳೆಂಟು ತುಂಡು. ಪರಿಚಯದವರೊಬ್ಬರು ಎಂಪಿ4 ಮಾಡಿಕೊಟ್ಟರು. ವೇಷ ದಿಗಿಣ ಹಾರುವಾಗ ಕೈಕಾಲಿನ ಸುತ್ತ ಬಾಚಣಿಗೆ ಹಲ್ಲಿನ ಹಾಗೆ ಗೆರೆಗಳು ಬರುತ್ತವೆ. ತುಂಡುಗಳು ಸೇರುವ ಕಡೆ ಚೆಂಡೆಯ ಪೆಟ್ಟೊಂದು ತಪ್ಪಿದಂತೆ ಕೇಳುತ್ತದೆ. ಕ್ಯಾಮೆರಾದ್ದೇ ದೋಷವೇ?
– ಯಕ್ಷಗಾನಾಸಕ್ತರು, ಬಂಟ್ವಾಳ

ಉತ್ತರ: ಕ್ಯಾಮೆರಾ ನಿರ್ದೋಷಿ. ಇವು ಎರಡು ಬೇರೆ ಬೇರೆ ತೊಂದರೆಗಳು, ಎರಡೂ ಪರಿವರ್ತನೆಯಲ್ಲಿ ಹುಟ್ಟಿದವು.

ಗೆರೆಗಳನ್ನು ಮೊದಲು ನೋಡೋಣ. ನಿಮ್ಮ ಕ್ಯಾಮ್‌ಕಾರ್ಡರ್ ಸೆಕೆಂಡಿಗೆ 25 ಪೂರ್ತಿ ಚಿತ್ರ ತೆಗೆಯುವುದಿಲ್ಲ, 50 ಅರ್ಧ ಚಿತ್ರ ತೆಗೆಯುತ್ತದೆ. ಒಮ್ಮೆ 1, 3, 5ನೆಯ ಸಾಲುಗಳು, ಸೆಕೆಂಡಿನ ಐವತ್ತನೇ ಒಂದು ಪಾಲು ಕಳೆದ ಮೇಲೆ 2, 4, 6ನೆಯವು. ಇದಕ್ಕೆ ಇಂಟರ್‌ಲೇಸಿಂಗ್ ಎನ್ನುತ್ತಾರೆ. ಹಳೆಯ ಡಬ್ಬಾ ಟಿವಿ ಇದನ್ನು ಬಂದ ಕ್ರಮದಲ್ಲೇ ಸಾಲುಸಾಲಾಗಿ ಬರೆಯುತ್ತಿದ್ದುದರಿಂದ ಕಣ್ಣಿಗೆ ಏನೂ ಗೊತ್ತಾಗುತ್ತಿರಲಿಲ್ಲ. ಕಂಪ್ಯೂಟರ್ ಎರಡು ಅರ್ಧಗಳನ್ನೂ ಒಂದೇ ಚೌಕಟ್ಟಿಗೆ ಅಂಟಿಸುತ್ತದೆ. ಭಾಗವತರು ಕುಳಿತಲ್ಲೇ ಇರುವುದರಿಂದ ಅವರು ಸರಿಯಾಗಿಯೇ ಕಾಣುತ್ತಾರೆ. ದಿಗಿಣ ಹಾರುವ ವೇಷಧಾರಿ ಆ ಐವತ್ತನೇ ಒಂದು ಪಾಲಿನಲ್ಲೇ ಇಷ್ಟುದ್ದ ಸರಿದಿರುತ್ತಾನೆ, ಎರಡು ಅರ್ಧಗಳು ಹೊಂದುವುದಿಲ್ಲ.

ಇದಕ್ಕೆ ಸುಲಭದ ಮದ್ದೆಂದು ಹಲವರು ಒಂದು ಅರ್ಧವನ್ನೇ ಬಿಸಾಡಿ ಸೆಕೆಂಡಿಗೆ 25 ಚಿತ್ರ ಮಾಡಿಬಿಡುತ್ತಾರೆ. ಗೆರೆ ಹೋಗುತ್ತದೆ, ಜೊತೆಗೆ ಕುಣಿತದ ಅರ್ಧವೂ ಹೋಗುತ್ತದೆ. ಮದುವೆ ಊಟದ ವಿಡಿಯೊಗೆ ಅದು ನಡೆದೀತು, ಯಕ್ಷಗಾನಕ್ಕೆ ಸಲ್ಲದು. ಒಂದೊಂದು ಅರ್ಧದಿಂದಲೂ ಒಂದೊಂದು ಪೂರ್ತಿ ಚಿತ್ರ ಮಾಡಿಸಿ ಸೆಕೆಂಡಿಗೆ 50 ಚಿತ್ರ ಇಟ್ಟುಕೊಳ್ಳಿ. ಹ್ಯಾಂಡ್‌ಬ್ರೇಕ್‌ನ ಫಿಲ್ಟರ್ಸ್ ಪುಟದಲ್ಲಿ ಡಿಇಂಟರ್‌ಲೇಸ್ ಎಂಬಲ್ಲಿ ಯಾಡಿಫ್ ಆರಿಸಿ, ಅದರ ಪಕ್ಕದಲ್ಲಿ ಬಾಬ್ ಎಂಬ ಆಯ್ಕೆ ಕೊಡಿ. ವಿಡಿಯೊ ಪುಟದಲ್ಲಿ ಫ್ರೇಮ್‌ರೇಟ್ 50, ಕಾನ್‌ಸ್ಟೆಂಟ್. ಇಡೀ ರಾತ್ರಿಯ ಆಟಕ್ಕೆ ಕೈ ಹಾಕುವ ಮೊದಲು ಒಂದೆರಡು ನಿಮಿಷದ ಕುಣಿತದ ಭಾಗವನ್ನಷ್ಟೇ ಮಾಡಿ ನೋಡಿ. ಚಲನೆ ಹಿಂದೆ ಮುಂದೆ ಜಗ್ಗಿದಂತೆ ಕಂಡರೆ ಅರ್ಧಗಳ ಕ್ರಮ ಅದಲುಬದಲಾಗಿದೆ ಎಂದರ್ಥ.

ಚೆಂಡೆಯ ಪೆಟ್ಟಿನ ಕತೆ ಬೇರೆ. ಮೆಮೊರಿ ಕಾರ್ಡಿನ ಫೈಲ್ ವ್ಯವಸ್ಥೆಯ ಮಿತಿಯಿಂದಾಗಿ ಕ್ಯಾಮ್‌ಕಾರ್ಡರುಗಳು 2 ಅಥವಾ 4 ಜಿಬಿ ತುಂಬಿದೊಡನೆ ಹೊಸ ಫೈಲ್ ಶುರು ಮಾಡುತ್ತವೆ. ನಡುವೆ ಏನೂ ಕಳೆದಿರುವುದಿಲ್ಲ, ಒಂದರ ಬಾಲಕ್ಕೆ ಇನ್ನೊಂದರ ತಲೆ ಕೂಡುತ್ತದೆ. ಆದರೆ ಒಂದೊಂದು ತುಂಡನ್ನೂ ಬೇರೆಬೇರೆಯಾಗಿ ಎಂಪಿ4 ಮಾಡಿದರೆ ಎಎಸಿ ಧ್ವನಿಯ ಆರಂಭದಲ್ಲಿ ಚೂರು ಮೌನ ಸೇರಿಕೊಳ್ಳುತ್ತದೆ. ಆಮೇಲೆ ಜೋಡಿಸಿದಾಗ ಅದು ನಡುವೆ ಬಂದು ಕೂರುತ್ತದೆ. ಬೇರೆಯವರಿಗೆ ಕೇಳಿಸದ್ದು ತಾಳ ಬಲ್ಲ ನಿಮ್ಮ ಕಿವಿಗೆ ಸಿಕ್ಕಿದೆ. ಆದ್ದರಿಂದ ಮೊದಲು ಎಂಟಿಎಸ್‌ಗಳನ್ನು ಜೋಡಿಸಿ, ಆಮೇಲೆ ಒಂದೇ ಸಲ ಪರಿವರ್ತಿಸಿ. ಜೋಡಿಸಲು ಕ್ಯಾಮೆರಾದ ಜೊತೆ ಬಂದ ಸಾಫ್ಟ್‌ವೇರೇ ಒಳ್ಳೆಯದು. ಅದು ಕಳೆದುಹೋಗಿದ್ದರೆ ಲಾಸ್‌ಲೆಸ್‌ಕಟ್ ಎಂಬ ಉಚಿತ ತಂತ್ರಾಂಶದ ಮರ್ಜ್ ಸೌಲಭ್ಯ ಬಳಸಿ. ಧ್ವನಿಯ ಬಿಟ್‌ರೇಟ್ ವಿಷಯದಲ್ಲಿ ಜಿಪುಣತನ ಬೇಡ. 256 ಕೆಬಿಪಿಎಸ್ ಇಟ್ಟರೂ ಫೈಲಿನ ಗಾತ್ರದಲ್ಲಿ ಅದರ ಪಾಲು ಅತ್ಯಲ್ಪ, ಕಡಿಮೆ ಮಾಡಿದರೆ ಮೊದಲು ಕೆಡುವುದು ಚೆಂಡೆ ಮತ್ತು ಚಕ್ರತಾಳದ ನಾದ.

ಕಾರ್ಡಿನಿಂದ ನಕಲು ಮಾಡುವಾಗ ಎಂಟಿಎಸ್‌ಗಳನ್ನಷ್ಟೇ ಹೆಕ್ಕಬೇಡಿ, ಎವಿಸಿಎಚ್‌ಡಿ ಫೋಲ್ಡರನ್ನು ಇಡಿಯಾಗಿ ತೆಗೆದಿಡಿ. ಯಾವ ತುಂಡಿನ ಮುಂದೆ ಯಾವುದು ಎಂಬ ಲೆಕ್ಕ ಅದರೊಳಗಿನ ಸಣ್ಣ ಫೈಲುಗಳಲ್ಲಿರುತ್ತದೆ.

ಪ್ರಶ್ನೆ: ಮಗನ ಉಪನಯನವನ್ನು ವಿದೇಶದಲ್ಲಿರುವ ನೆಂಟರಿಗಾಗಿ ಲೈವ್ ಕೊಟ್ಟೆವು. ಲ್ಯಾಪ್‌ಟಾಪಿನಲ್ಲಿ ಒಬಿಎಸ್ ಮೂಲಕ ರೆಕಾರ್ಡ್ ಕೂಡ ಆಗಿದೆ, ಆದರೆ ಎಂಕೆವಿ ಫೈಲು. ನಮ್ಮ ಟಿವಿಗೆ ಅದು ಬೇಡವಂತೆ. ಎಂಪಿ4 ಮಾಡಲು ಹಾಕಿದರೆ ನಾಲ್ಕು ಗಂಟೆ ತೋರಿಸುತ್ತದೆ.
– ದಾವಣಗೆರೆ

ಉತ್ತರ: ನಿಲ್ಲಿಸಿ, ಅಷ್ಟು ಹೊತ್ತು ಬೇಕಿಲ್ಲ. ಎಂಕೆವಿ, ಎಂಪಿ4 ಎಂಬುವು ಹೊರಗಿನ ಹೊದಿಕೆಯ ಹೆಸರು. ಒಳಗಿರುವ ಚಿತ್ರ ಎಚ್.264, ಧ್ವನಿ ಎಎಸಿ ಆಗಿದ್ದರೆ (ಒಬಿಎಸ್‌ನಲ್ಲಿ ಸಾಮಾನ್ಯವಾಗಿ ಹಾಗೇ) ಹೊದಿಕೆಯನ್ನಷ್ಟೇ ಬದಲಿಸಿದರೆ ಸಾಕು. ಒಬಿಎಸ್‌ನ ಫೈಲ್ ಮೆನುವಿನಲ್ಲಿ ರೀಮಕ್ಸ್ ರೆಕಾರ್ಡಿಂಗ್ಸ್ ಎಂಬ ಆಯ್ಕೆ ಇದೆ. ಫೈಲನ್ನು ಅಲ್ಲಿ ಕೊಡಿ. ನಕಲು ಮಾಡುವಷ್ಟೇ ಹೊತ್ತಿನಲ್ಲಿ ಮುಗಿಯುತ್ತದೆ, ಗುಣಮಟ್ಟ ಕೂದಲೆಳೆಯಷ್ಟೂ ಕಡಿಮೆಯಾಗುವುದಿಲ್ಲ. ಜನ ರಾತ್ರಿಯಿಡೀ ಕಂಪ್ಯೂಟರ್ ಓಡಿಸಿ ಮಾಡುವ ಪರಿವರ್ತನೆಗಳಲ್ಲಿ ಎಷ್ಟೋ ಇಂಥವೇ.

ಪ್ರಶ್ನೆ: ಮೊಮ್ಮಗಳ ವಿಡಿಯೊಗಳಿಂದಲೇ ಐಫೋನು, ಲ್ಯಾಪ್‌ಟಾಪು ಎರಡೂ ತುಂಬಿವೆ. ಎಲ್ಲ 4ಕೆ. ಎಲ್ಲವನ್ನೂ 1080ಕ್ಕೆ ಇಳಿಸಿ ಮೂಲ ಅಳಿಸಿಬಿಡೋಣ ಅಂದುಕೊಂಡಿದ್ದೇನೆ. ಒಂದೆರಡು ಮಾಡಿ ಟಿವಿಯಲ್ಲಿ ನೋಡಿದೆ, ಬಣ್ಣವೆಲ್ಲ ಬೂದಿ ಬಳಿದ ಹಾಗಿದೆ.
– ಹುಬ್ಬಳ್ಳಿ

ಉತ್ತರ: ಅಳಿಸಬೇಡ್ರಿ! ಮೊದಲು ಜರಡಿ ಹಿಡಿಯಿರಿ. ಒಂದೇ ನಗುವಿನ ಐದು ಕ್ಲಿಪ್, ಕೈ ಅಡ್ಡ ಬಂದದ್ದು, ಜೇಬಿನಲ್ಲೇ ಓಡಿದ್ದು ಇವನ್ನು ತೆಗೆದರೆ ಜಾಗದ ದೊಡ್ಡ ಪಾಲು ತೆರವಾಗುತ್ತದೆ, ಯಾವ ಪರಿವರ್ತನೆಯೂ ಬೇಡ. ಉಳಿದದ್ದನ್ನು ಮೂಲರೂಪದಲ್ಲೇ ಹೊರಗಿನ ಹಾರ್ಡ್‌ಡಿಸ್ಕಿಗೆ ಹಾಕಿ. ಫೋನಿನಲ್ಲಿ, ಟಿವಿಯಲ್ಲಿ ನೋಡಲು ಬೇಕಾದಷ್ಟನ್ನು ಮಾತ್ರ 1080ಕ್ಕೆ ಇಳಿಸಿ. ಇನ್ನು ಮುಂದಿನದಕ್ಕೆ, ಚಿತ್ರೀಕರಿಸುವಾಗಲೇ ಯೋಚಿಸಿ. ಆಪಲ್ ಕೊಡುವ ಲೆಕ್ಕದಲ್ಲಿ ಸೆಕೆಂಡಿಗೆ 30 ಚಿತ್ರದ 4ಕೆ ವಿಡಿಯೊ ನಿಮಿಷಕ್ಕೆ ಸುಮಾರು 170 ಎಂಬಿ, 60 ಚಿತ್ರದ್ದಾದರೆ 400 ಎಂಬಿ, 1080ರದು ಸುಮಾರು 60. ಮಗು ತೊಡೆಯ ಮೇಲೆ ಕೂತು ಚಪ್ಪಾಳೆ ತಟ್ಟುವುದಕ್ಕೆ 1080 ಧಾರಾಳ.

ಬೂದಿ ಬಣ್ಣಕ್ಕೆ ಕಾರಣ ಎಚ್‌ಡಿಆರ್. 2020ರ ಐಫೋನ್ 12ರಿಂದೀಚೆಗೆ ಈ ಫೋನುಗಳು ಹೆಚ್ಚು ವಿಸ್ತಾರದ ಬೆಳಕು ಬಣ್ಣಗಳನ್ನು ಹಿಡಿಯುತ್ತವೆ. ಪರಿವರ್ತನೆಯಲ್ಲಿ ಆ ವಿಸ್ತಾರವನ್ನು ಸಾಮಾನ್ಯ ಟಿವಿಯ ಅಳತೆಗೆ ಹೊಂದಿಸದೆ ಹಾಗೇ ಸುರಿದರೆ ಚಿತ್ರ ಪೇಲವವಾಗುತ್ತದೆ. ಮನೆಯಲ್ಲಿ ಎಚ್‌ಡಿಆರ್ ಟಿವಿ ಇಲ್ಲದಿದ್ದರೆ ಸೆಟ್ಟಿಂಗ್ಸ್‌ನಲ್ಲಿ ಕ್ಯಾಮೆರಾ, ರೆಕಾರ್ಡ್ ವಿಡಿಯೊ ಎಂಬಲ್ಲಿಗೆ ಹೋಗಿ ಎಚ್‌ಡಿಆರ್ ವಿಡಿಯೊ ಆಫ್ ಮಾಡಿಬಿಡಿ. ಈಗಾಗಲೇ ತೆಗೆದವುಗಳ ಮೂಲವನ್ನು ಉಳಿಸಿಕೊಳ್ಳಿ ಎಂದು ಹಟ ಹಿಡಿಯುವುದು ಇದಕ್ಕೇ. ಪೇಲವ ನಕಲನ್ನು ಇಟ್ಟುಕೊಂಡು ಮೂಲ ಅಳಿಸಿದ್ದರೆ ಆ ಬಣ್ಣ ಮರಳಿ ಬರುತ್ತಿರಲಿಲ್ಲ.

ಪರಿವರ್ತಿಸಿದಾಗ ಫೈಲಿನ ತಾರೀಖು ಇಂದಿನದಾಗಿ, ಗ್ಯಾಲರಿಯಲ್ಲಿ ಮೊದಲ ಹುಟ್ಟುಹಬ್ಬ ಮೂರನೆಯದರ ನಂತರ ಬಂದು ಕೂರಬಹುದು. ಫೈಲಿನ ಹೆಸರಿನಲ್ಲೇ ಇಸವಿ, ತಿಂಗಳು, ದಿನ ಈ ಕ್ರಮದಲ್ಲಿ ಬರೆದಿಡಿ.

ಪ್ರಶ್ನೆ: ಅಪ್ಪ ಅಮ್ಮ ಮೈಸೂರಿನಿಂದ ತಂದುಕೊಟ್ಟ ಅವರ ಷಷ್ಟ್ಯಬ್ದಿಯ ವಿಎಚ್‌ಎಸ್ ಕ್ಯಾಸೆಟ್ ನನ್ನ ಹತ್ತಿರ ಇದೆ. ಇಲ್ಲಿ ಸ್ನೇಹಿತರ ಮನೆಯ ವಿಸಿಆರ್‌ನಲ್ಲಿ ಹಾಕಿದರೆ ಚಿತ್ರ ಉರುಳುತ್ತದೆ, ಬಣ್ಣವೇ ಇಲ್ಲ. ಟೇಪ್ ಹಾಳಾಗಿದೆಯೇ?
– ನ್ಯೂಜೆರ್ಸಿ

ಉತ್ತರ: ಟೇಪ್ ಚೆನ್ನಾಗಿಯೇ ಇರಬೇಕು, ವಿಸಿಆರ್ ಅದಕ್ಕೆ ಪರಕೀಯ. ಭಾರತದ್ದು ಪಾಲ್ ಪದ್ಧತಿ: 625 ಸಾಲು, ಸೆಕೆಂಡಿಗೆ 25 ಚಿತ್ರ. ಅಮೆರಿಕದ್ದು ಎನ್‌ಟಿಎಸ್‌ಸಿ: 525 ಸಾಲು, ಸೆಕೆಂಡಿಗೆ ಸುಮಾರು 30. ಬಣ್ಣವನ್ನು ಸೇರಿಸುವ ರೀತಿ ಬೇರೆ, ಟೇಪ್ ಓಡುವ ವೇಗವೂ ಬೇರೆ.

ನಿಮಗೆ ಬೇಕಾದದ್ದು ಪಾಲ್ ಅಥವಾ ಮಲ್ಟಿಸಿಸ್ಟಮ್ ವಿಸಿಆರ್. ಹೊಸದು ಎಲ್ಲೂ ಸಿಗದು. ಕೊನೆಯವರೆಗೂ ವಿಸಿಆರ್ ತಯಾರಿಸುತ್ತಿದ್ದ ಜಪಾನಿನ ಫುನಾಯ್ ಕಂಪನಿ 2016ರಲ್ಲಿ ಕೈಬಿಟ್ಟಿತು. ಡಿಜಿಟೈಸ್ ಮಾಡುವ ಅಂಗಡಿಗೆ ಕೊಡುವುದಾದರೆ ‘ಇದು ಪಾಲ್ ಕ್ಯಾಸೆಟ್’ ಎಂದು ಮೊದಲೇ ಹೇಳಿ. ಫೈಲನ್ನು 720ಕ್ಕೆ 576, ಸೆಕೆಂಡಿಗೆ 25 ಚಿತ್ರ ಎಂದೇ ಕೊಡಲು ಒತ್ತಾಯಿಸಿ. ‘ಅಮೆರಿಕದ ಟಿವಿಗಾಗಿ’ ಎಂದು ಅವರು 30ಕ್ಕೆ ಏರಿಸಿದರೆ ಅಲ್ಲಲ್ಲಿ ಚಿತ್ರಗಳು ಎರಡೆರಡು ಸಲ ಬಂದು ಆರತಿ ಎತ್ತುವ ಕೈ ಕೂಡ ತಡೆತಡೆದು ಚಲಿಸಿದಂತೆ ಕಾಣುತ್ತದೆ. ಫೈಲು ಆದ ಮೇಲೆ ಪಾಲ್, ಎನ್‌ಟಿಎಸ್‌ಸಿ ಜಗಳ ಮುಗಿಯಿತು. ಅಲ್ಲಿನ ಫೋನು, ಕಂಪ್ಯೂಟರುಗಳಿಗೆ 25 ಚಿತ್ರದ ಫೈಲಿನಿಂದ ಯಾವ ತಕರಾರೂ ಇಲ್ಲ. ಎಲ್ಲರೂ ಉದ್ದುದ್ದ ಬಡಕಲಾಗಿಯೋ ಅಡ್ಡಡ್ಡ ದಪ್ಪಗಾಗಿಯೋ ಕಂಡರೆ, ಚಿತ್ರದ ಅನುಪಾತ 4:3 ಎಂದು ನಮೂದಾಗಿಲ್ಲ ಎಂದು ತಿಳಿಯಿರಿ. ಅದನ್ನು ಸರಿಪಡಿಸಬಹುದು.

ಪ್ರಶ್ನೆ: ಅಟ್ಟದ ಮೇಲಿದ್ದ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಹಾಕಿಸೋಣ ಅಂತ ತೆಗೆದರೆ ಒಳಗಿನ ಸುರುಳಿಯ ಮೇಲೆ ಬಿಳಿ ಪುಡಿ ಇದೆ. ಒಂದು ಸಲ ಓಡಿಸಿ ನೋಡಲೇ?
– ಶಿರಸಿ

ಉತ್ತರ: ಖಂಡಿತ ಬೇಡ. ಅದು ಬೂಷ್ಟು. ನಿಮ್ಮ ಕಡೆಯ ಮಳೆಗಾಲಕ್ಕೆ ಅಟ್ಟದ ಟೇಪು ಬೂಷ್ಟು ಹಿಡಿಯದಿದ್ದರೇ ಆಶ್ಚರ್ಯ. ಓಡಿಸಿದರೆ ಪುಡಿ ವಿಸಿಆರ್‌ನ ಹೆಡ್ಡಿಗೆ ಮೆತ್ತಿಕೊಂಡು, ಅದೇ ಯಂತ್ರದಲ್ಲಿ ಹಾಕುವ ಒಳ್ಳೆಯ ಕ್ಯಾಸೆಟ್ಟಿಗೂ ಅಂಟುತ್ತದೆ. ಸುರುಳಿ ಅಂಟಿಕೊಂಡಿದ್ದರೆ ಟೇಪು ಹರಿಯಲೂಬಹುದು. ಬೂಷ್ಟು ಹಿಡಿದವನ್ನು ಬೇರೆ ಕವರಿನಲ್ಲಿ ಕಟ್ಟಿಡಿ, ಮುಟ್ಟುವಾಗ ಮೂಗಿಗೆ ಬಟ್ಟೆ ಇರಲಿ. ಸ್ವಚ್ಛ ಮಾಡುವ ಕೆಲಸ ಅದಕ್ಕೆಂದೇ ಯಂತ್ರ ಇಟ್ಟವರಿಗೆ ಬಿಡಿ. ಮನೆಯಲ್ಲಿ ಸ್ಪಿರಿಟ್ ಹಚ್ಚಿ ಉಜ್ಜುವ ಸಾಹಸ ಬೇಡ.

ಚೆನ್ನಾಗಿರುವ ಕ್ಯಾಸೆಟ್‌ಗಳ ಹಿಂದಿನ ಅಂಚಿನಲ್ಲಿ ಒಂದು ಪುಟ್ಟ ಪ್ಲಾಸ್ಟಿಕ್ ಎಸಳು ಇರುತ್ತದೆ. ಅದನ್ನು ಮೊದಲು ಮುರಿದು ತೆಗೆಯಿರಿ. ಹಾಗೆ ಮಾಡಿದರೆ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಳೆಯದು ಅಳಿಯುವುದಿಲ್ಲ. ಇನ್ನು ಮೂರು ಗಂಟೆಯ ಟೇಪಿಗೆ ಮೂರು ಗಂಟೆಯೇ ಬೇಕು, ಬೇಗ ಮಾಡುವ ಉಪಾಯವಿಲ್ಲ. ‘ಹತ್ತು ನಿಮಿಷದಲ್ಲಿ ಕೊಡ್ತೀವಿ’ ಎನ್ನುವ ಅಂಗಡಿಯಿಂದ ಎದ್ದು ಬನ್ನಿ.

ಪ್ರಶ್ನೆ: 2007ರ ಹಳೆಯ ಮೊಬೈಲಿನಲ್ಲಿ ಅಜ್ಜ ಮಾತಾಡಿದ 3ಜಿಪಿ ಕ್ಲಿಪ್ ಇದೆ. ಹೊಸ ಫೋನಿನಲ್ಲಿ ಚಿತ್ರ ಓಡುತ್ತದೆ, ಧ್ವನಿ ಬರುವುದಿಲ್ಲ.
– ಕೋಲಾರ

ಉತ್ತರ: ಧ್ವನಿ ಒಳಗೇ ಇದೆ. ಆಗಿನ ಫೋನುಗಳು ಅದನ್ನು ಎಎಂಆರ್ ಎಂಬ, ಫೋನ್ ಕರೆಗಳಿಗಾಗಿ ರೂಪಿಸಿದ ವಿಧಾನದಲ್ಲಿ ಹಿಡಿಯುತ್ತಿದ್ದವು. ನಿಮ್ಮ ಹೊಸ ಪ್ಲೇಯರಿಗೆ ಅದು ತಿಳಿಯುತ್ತಿಲ್ಲ. ಕಂಪ್ಯೂಟರಿನ ವಿಎಲ್‌ಸಿಯಲ್ಲಿ ಕೇಳಿಸುತ್ತದೆ. ಹ್ಯಾಂಡ್‌ಬ್ರೇಕ್‌ನಲ್ಲಿ ಎಂಪಿ4 ಮಾಡಿ ಧ್ವನಿಗೆ ಎಎಸಿ ಕೊಟ್ಟರೆ ಫೋನಿನಲ್ಲೂ ಕೇಳುತ್ತದೆ. ಚಿತ್ರದ ಅಳತೆ 176ಕ್ಕೆ 144 ಇದ್ದೀತು, ಇರಲಿ. ಹಿಗ್ಗಿಸಬೇಡಿ.

ಪ್ರಶ್ನೆ: ಸೀಮಂತದ ಮೂರು ಗಂಟೆಯ ವಿಡಿಯೊ 9 ಜಿಬಿ ಇದೆ. 32 ಜಿಬಿಯ ಪೆನ್‌ಡ್ರೈವ್ ಖಾಲಿ ಇದ್ದರೂ ‘ಫೈಲ್ ತುಂಬಾ ದೊಡ್ಡದು’ ಎನ್ನುತ್ತದೆ. ಇಂಟರ್‌ನೆಟ್ಟಿನಲ್ಲಿ ಉಚಿತವಾಗಿ ಚಿಕ್ಕದು ಮಾಡಿಕೊಡುವ ಜಾಲತಾಣಗಳಿವೆಯಲ್ಲ, ಅಲ್ಲಿ ಹಾಕಲೇ? ತಂಗಿಗೆ ವಾಟ್ಸ್‌ಆ್ಯಪಿನಲ್ಲೂ ಕಳಿಸಬೇಕು.
– ತುಮಕೂರು

ಉತ್ತರ: ಪೆನ್‌ಡ್ರೈವಿನಲ್ಲಿ ಜಾಗ ಇದೆ, ಆದರೆ ಅದು ಫ್ಯಾಟ್32 ವಿಧಾನದಲ್ಲಿದೆ. ಅದರಲ್ಲಿ ಒಂದು ಫೈಲು 4 ಜಿಬಿ ಮೀರುವಂತಿಲ್ಲ. ಪೆನ್‌ಡ್ರೈವನ್ನು ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ 9 ಜಿಬಿ ಹಾಗೇ ಕೂರುತ್ತದೆ. ಅದರಲ್ಲಿ ಬೇರೇನಾದರೂ ಇದ್ದರೆ ಮೊದಲು ತೆಗೆದಿಡಿ, ಫಾರ್ಮ್ಯಾಟಿನಲ್ಲಿ ಎಲ್ಲ ಅಳಿಯುತ್ತದೆ. ಕೆಲವು ಹಳೆಯ ಟಿವಿಗಳು ಎಕ್ಸ್‌ಫ್ಯಾಟ್ ಓದುವುದಿಲ್ಲ. ನಿಮ್ಮದೂ ಹಾಗಿದ್ದರೆ ಆಗ ಮಾತ್ರ ಚಿಕ್ಕದು ಮಾಡಿ.

ಎಷ್ಟು ಚಿಕ್ಕದು? ಲೆಕ್ಕ ಸುಲಭ. ಬಿಟ್‌ರೇಟನ್ನು ಸೆಕೆಂಡುಗಳಿಂದ ಗುಣಿಸಿ 8ರಿಂದ ಭಾಗಿಸಿ. ಮೂರು ಗಂಟೆಗೆ 10,800 ಸೆಕೆಂಡು. ಸೆಕೆಂಡಿಗೆ 2.5 ಮೆಗಾಬಿಟ್‌ನಂತೆ 3,375 ಎಂಬಿ, ಧ್ವನಿ ಸೇರಿದರೂ 4 ಜಿಬಿಯ ಒಳಗೇ. ಅಷ್ಟು ಬಿಟ್‌ರೇಟಿಗೆ 1080ಕ್ಕಿಂತ 720ಕ್ಕೆ ಇಳಿಸುವುದು ಲೇಸು. ಇಲ್ಲವಾದರೆ ಸೀರೆಯ ಜರಿ, ಹೂವಿನ ಅಲಂಕಾರ ಇರುವ ಕಡೆಯೆಲ್ಲ ಚೌಕ ಚೌಕ ಕಾಣುತ್ತದೆ.

ಆ ಜಾಲತಾಣಗಳಿಗೆ ಹಾಕಬೇಡಿ. ಮನೆಯ ಹೆಣ್ಣುಮಕ್ಕಳ, ಮಕ್ಕಳ ವಿಡಿಯೊ ಯಾರ ಕಂಪ್ಯೂಟರಿಗೆ ಹೋಗಿ ಕೂರುತ್ತದೋ ನಿಮಗೆ ಗೊತ್ತಾಗುವುದಿಲ್ಲ, 9 ಜಿಬಿ ಏರಿಸುವಷ್ಟರಲ್ಲಿ ನಿಮ್ಮ ಡೇಟಾ ಪ್ಯಾಕೂ ಮುಗಿದಿರುತ್ತದೆ. ಹ್ಯಾಂಡ್‌ಬ್ರೇಕ್ ಇಳಿಸಿಕೊಳ್ಳುವಾಗಲೂ ಅದರ ಅಧಿಕೃತ ತಾಣ ಹ್ಯಾಂಡ್‌ಬ್ರೇಕ್ ಡಾಟ್ ಎಫ್‌ಆರ್‌ನಿಂದಲೇ ಪಡೆಯಿರಿ, ಹುಡುಕಾಟದಲ್ಲಿ ಮೇಲೆ ಬರುವ ಜಾಹೀರಾತು ಒತ್ತಬೇಡಿ. 2017ರ ಮೇ ತಿಂಗಳಲ್ಲಿ ಅದರ ಡೌನ್‌ಲೋಡ್ ಸರ್ವರ್ ಒಂದಕ್ಕೇ ನುಗ್ಗಿ ಮ್ಯಾಕ್ ಆವೃತ್ತಿಯ ಜಾಗದಲ್ಲಿ ಕಳ್ಳ ತಂತ್ರಾಂಶ ಇಟ್ಟಿದ್ದರು. ಅಸಲಿ ತಾಣಕ್ಕೇ ಹೀಗಾಗಿರುವಾಗ ಊರುಪೇರಿಲ್ಲದ ತಾಣದ ಮಾತು ಕೇಳಬೇಕೆ?

ತಂಗಿಗೆ ವಾಟ್ಸ್‌ಆ್ಯಪಿನಲ್ಲಿ ಗ್ಯಾಲರಿಯಿಂದ ಕಳಿಸಿದರೆ ಅದು ತಾನೇ ಹಿಂಡಿಬಿಡುತ್ತದೆ. ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ 2 ಜಿಬಿವರೆಗೆ ಇದ್ದದ್ದು ಇದ್ದಹಾಗೆ ಹೋಗುತ್ತದೆ. ಮೂರು ಗಂಟೆ ಪೂರ್ತಿ ಬೇಡವೆಂದರೆ ಬಳೆ ತೊಡಿಸುವ ಅರ್ಧ ಗಂಟೆಯನ್ನು ಲಾಸ್‌ಲೆಸ್‌ಕಟ್‌ನಲ್ಲಿ ಕತ್ತರಿಸಿ ಕಳಿಸಿ. 9 ಜಿಬಿಯ ಲೆಕ್ಕದಲ್ಲಿ ಅದು ಒಂದೂವರೆ ಜಿಬಿ.